ಹಾಲಿನ ಪಾತ್ರೆಯೂ ಅಂಗಳದ ಬಿಸಿಲೂ: ಶಿಶುರೋಗ ಸಂಶೋಧನೆಯ ಕೆಲವು ಪಾಠಗಳು

ಕಳೆದ ವರ್ಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಏಳು ತಿಂಗಳ ಕೂಸನ್ನೆತ್ತಿಕೊಂಡು ನನ್ನನ್ನು ಕಾಣಲು ಬಂದಿದ್ದಳು. ಕುಶಲಪ್ರಶ್ನೆಗಳಾದ ಬಳಿಕ ಕೈಚೀಲದಿಂದ ಒಂದು ಪುಟ್ಟ ಹಿತ್ತಾಳೆಯ ಚೊಂಬನ್ನು ತೆಗೆದು ಮೇಜಿನ ಮೇಲಿಟ್ಟು, "ಇದು ನಮ್ಮತ್ತೆಯವರ ತವರಿನದು, ಟೀಚರೇ. ಉಕ್ಕಿಗಿಂತ ಹಿತ್ತಾಳೆಯೇ ಮೇಲೆಂದು ಈಗ ಎಲ್ಲರೂ ಹೇಳುತ್ತಾರೆ. ಮಗುವಿಗೆ ಹಾಲನ್ನು ಇದರಲ್ಲೇ ಕಾಯಿಸಬೇಕೆಂದಿದ್ದೇನೆ" ಎಂದಳು. ನಾನು ಚೊಂಬಿನ ಒಳಗನ್ನು ನೋಡಿದೆನು. ಹುಣಿಸೆಹಣ್ಣು ಹಾಕಿ ಉಜ್ಜಿದ ಒಡಲು ಬಂಗಾರದಂತೆ ಹೊಳೆಯುತ್ತಿದ್ದಿತು. ಕಲಾಯಿಯ ಲೇಪ ಎಲ್ಲಿಯೂ ಇರಲಿಲ್ಲ. "ಇದರಲ್ಲಿ ಹಾಲು ಕಾಯಿಸಬೇಡಮ್ಮ" ಎಂದೆನು. "ಏಕೆ?" ಎಂದು ಕೇಳಿದಳು. ತರಗತಿಯಲ್ಲಿಯೂ ಅವಳು ಏಕೆಂದು ಕೇಳದೆ ಬಿಟ್ಟವಳಲ್ಲ. ಅಂದು ನಾನು ನಿಂತ ನಿಲುವಿನಲ್ಲಿ ಕೊಟ್ಟ ಉತ್ತರವು ನನಗೇ ಸಾಲದೆಂದು ತೋರಿತು. ಆ ಉತ್ತರವನ್ನು ಸಾವಧಾನವಾಗಿ, ಹಳೆಯ ವಿದ್ಯಾರ್ಥಿನಿಯರೆಲ್ಲರಿಗೂ ಪೋಷಕ ಮಹನೀಯರಿಗೂ ಪ್ರಯೋಜನವಾಗುವಂತೆ ಬರೆಯಬೇಕೆಂಬುದೇ ಈ ಲೇಖನದ ಉದ್ದೇಶವು.

ಮೂರು ಅಂಗಗಳ ಬಾಂಧವ್ಯ

ರಕ್ತ, ಎಲುಬು, ಯಕೃತ್ತು ಎಂಬ ಮೂರೂ ಮೇಲುನೋಟಕ್ಕೆ ಬೇರೆ ಬೇರೆಯಾಗಿ ತೋರಿದರೂ ಒಂದೇ ಮನೆಯ ಸೋದರಿಯರಂತೆ ಪರಸ್ಪರ ಆಶ್ರಯದಲ್ಲಿರುವುವು. ಕೂಸು ಗರ್ಭದಲ್ಲಿರುವಾಗ ಕೆಲವು ತಿಂಗಳ ಕಾಲ ಅದರ ರಕ್ತಕಣಗಳನ್ನು ಮುಖ್ಯವಾಗಿ ನಿರ್ಮಿಸತಕ್ಕುದು ಯಕೃತ್ತು. ಜನನಕಾಲಕ್ಕೆ ಆ ಕೆಲಸವು ಎಲುಬಿನೊಳಗಿನ ಮಜ್ಜೆಯ ಪಾಲಿಗೆ ಬರುವುದು. ಹಳೆಯದಾಗಿ ಒಡೆದ ರಕ್ತಕಣಗಳಿಂದ ಹುಟ್ಟುವ ಹಳದಿಯ ಬಣ್ಣವನ್ನು ದೇಹದಿಂದ ಹೊರಗೆ ಸಾಗಿಸುವುದು ಮತ್ತೆ ಯಕೃತ್ತಿನ ಹೊಣೆ. ಬಿಸಿಲು ಬಿದ್ದಾಗ ಚರ್ಮದಲ್ಲಿ ಉಂಟಾಗುವ 'ಡಿ' ಜೀವಸತ್ತ್ವವನ್ನು ಯಕೃತ್ತು ಒಂದು ಬಾರಿ, ಮೂತ್ರಪಿಂಡವು ಮತ್ತೊಂದು ಬಾರಿ ಮಾರ್ಪಡಿಸಿದ ಮೇಲೆಯೇ ಅದು ಎಲುಬಿಗೆ ಉಪಯೋಗಕ್ಕೆ ಬರುವುದು. ಆದುದರಿಂದ ಇವುಗಳಲ್ಲಿ ಒಂದಕ್ಕೆ ಬಂದ ಕೇಡು ಉಳಿದವನ್ನೂ ಬಾಧಿಸದೆ ಇರದು.

ಈ ಮೂರು ಅಂಗಗಳ ರೋಗಗಳ ಕುರಿತು ವೈದ್ಯರು ನಡೆಸಿದ ಸಂಶೋಧನೆಯ ಚರಿತ್ರೆಯನ್ನು ಓದಿದರೆ ಒಂದು ಸಂಗತಿ ಮನಸ್ಸಿಗೆ ನಾಟುವುದು. ದೊಡ್ಡ ಯಂತ್ರಗಳು ಬರುವ ಮೊದಲೇ, ಯಾರೋ ಒಬ್ಬರು ಒಂದು ಮಗುವನ್ನು ಶ್ರದ್ಧೆಯಿಂದ ನೋಡಿದುದರಿಂದಲೇ ಪ್ರತಿಯೊಂದು ಕತೆಯೂ ಆರಂಭವಾಗಿದೆ.

ಎಲುಬು

ಬೆಳೆಯುವ ಮಗುವಿನ ಎಲುಬು ಗಟ್ಟಿಯಾಗದೆ ಮೆತ್ತಗೆ ಉಳಿದು, ಕಾಲುಗಳು ಬಿಲ್ಲಿನಂತೆ ಬಾಗಿ, ಮಣಿಕಟ್ಟುಗಳು ಊದಿಕೊಳ್ಳುವ ರೋಗಕ್ಕೆ ರಿಕೆಟ್ಸ್ ಎಂದು ಹೆಸರು. ೧೬೫೦ರಲ್ಲಿ ಇಂಗ್ಲೆಂಡಿನ ಗ್ಲಿಸನ್ ಎಂಬ ವೈದ್ಯನು ಇದರ ಮೇಲೆ ಒಂದು ಗ್ರಂಥವನ್ನೇ ಬರೆದನು. ಆದರೆ ಕಾರಣವು ಮಾತ್ರ ಇನ್ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ನಿಶ್ಚಿತವಾಗಲಿಲ್ಲ.

ಮಿಷನ್ ಶಾಲೆಯ ಮಕ್ಕಳಾದ ನಾವು ಸಂತೋಷದಿಂದ ನೆನೆಯತಕ್ಕ ಒಂದು ಹೆಸರು ಇಲ್ಲಿ ಬರುತ್ತದೆ. ಥಿಯೊಬಾಲ್ಡ್ ಪಾಮ್ ಎಂಬಾತನು ಜಪಾನಿನ ನೀಗಾಟದಲ್ಲಿ ಮಿಷನರಿ ವೈದ್ಯನಾಗಿದ್ದನು. ಅಲ್ಲಿ ಕಾಣದಿದ್ದ ಈ ರೋಗವು ಸ್ವದೇಶಕ್ಕೆ ಮರಳಿದಾಗ ಇಂಗ್ಲೆಂಡಿನ ಮಕ್ಕಳಲ್ಲಿ ಎಲ್ಲೆಲ್ಲಿಯೂ ಕಂಡಿತು. ಅವನು ಬೇರೆ ಬೇರೆ ದೇಶಗಳಲ್ಲಿದ್ದ ಮಿಷನರಿಗಳಿಗೆ ಪತ್ರ ಬರೆದು, ಅಲ್ಲಲ್ಲಿಯ ಮಕ್ಕಳ ಸ್ಥಿತಿಯನ್ನು ವಿಚಾರಿಸಿ, ಉತ್ತರಗಳನ್ನು ಒಟ್ಟುಗೂಡಿಸಿದನು. ಬಡತನವಿದ್ದರೂ ಬಿಸಿಲಿರುವ ನಾಡುಗಳಲ್ಲಿ ರೋಗವು ವಿರಳ, ಹೊಗೆ ಕವಿದ ಕಾರ್ಖಾನೆಯ ಪಟ್ಟಣಗಳಲ್ಲಿ ಅಧಿಕ ಎಂಬುದು ಗೊತ್ತಾಯಿತು. ಸೂರ್ಯಪ್ರಕಾಶದ ಅಭಾವವೇ ಕಾರಣವೆಂದು ಅವನು ೧೮೯೦ರಲ್ಲಿ ಬರೆದನು. ಆದರೆ ಹಿತ್ತಲ ಗಿಡ ಮದ್ದಲ್ಲವೆಂಬಂತೆ, ಪುಕ್ಕಟೆಯಾಗಿ ದೊರೆಯುವ ಬಿಸಿಲನ್ನು ಔಷಧವೆಂದು ಬಹುಮಂದಿ ಎಣಿಸಲಿಲ್ಲ.

ಒಂದನೆಯ ಮಹಾಯುದ್ಧವು ಮುಗಿದಾಗ ವಿಯೆನ್ನಾ ನಗರವು ಹಸಿವಿನಿಂದ ಕಂಗೆಟ್ಟಿದ್ದಿತು. ೧೯೧೯ರಲ್ಲಿ ಹ್ಯಾರಿಯೆಟ್ ಚಿಕ್ ಎಂಬ ವಿದುಷಿಯು ಬ್ರಿಟನ್ನಿನಿಂದ ಅಲ್ಲಿಗೆ ಹೋದಳು. ಎಲ್ಸಿ ಡಾಲಿಯೆಲ್, ಮಾರ್ಗರೆಟ್ ಹ್ಯೂಮ್, ಹೆಲೆನ್ ಮೆಕೆ, ಹ್ಯಾನಾ ಹೆಂಡರ್ಸನ್ ಸ್ಮಿತ್ ಎಂಬ ಮಹಿಳೆಯರು ಅವಳ ಸಂಗಡ ಕೆಲಸ ಮಾಡಿದರು. ಪಿರ್ಕೆ ಎಂಬ ಪ್ರಸಿದ್ಧ ವೈದ್ಯನ ಮಕ್ಕಳ ಚಿಕಿತ್ಸಾಲಯವೇ ಅವರ ಕಾರ್ಯಕ್ಷೇತ್ರ. ಅವರು ಶಿಶುಗಳನ್ನು ಎರಡು ಪಂಗಡಗಳಾಗಿ ಮಾಡಿ, ಒಂದಕ್ಕೆ ಅಲ್ಲಿಯ ವಾಡಿಕೆಯ ಆಹಾರವನ್ನೂ ಮತ್ತೊಂದಕ್ಕೆ ಕಾಡ್ ಮೀನಿನ ಯಕೃತ್ತಿನ ಎಣ್ಣೆ ಸೇರಿದ ಆಹಾರವನ್ನೂ ಕೊಟ್ಟು, ಕ್ಷಕಿರಣದ ಚಿತ್ರಗಳಿಂದ ಎಲುಬುಗಳನ್ನು ಪರೀಕ್ಷಿಸುತ್ತ ಬಂದರು. ಚಳಿಗಾಲದಲ್ಲಿ ಮೊದಲನೆಯ ಪಂಗಡದ ಶಿಶುಗಳಲ್ಲಿ ರಿಕೆಟ್ಸ್ ಕಾಣಿಸಿಕೊಂಡಿತು. ಎಣ್ಣೆ ಕುಡಿದವುಗಳಲ್ಲಿ ಕಾಣಿಸಲಿಲ್ಲ. ಬೇಸಗೆಯಲ್ಲಿ ಎರಡೂ ಪಂಗಡಗಳು ಕ್ಷೇಮವಾಗಿದ್ದುವು. ರೋಗ ಬಂದ ಕೂಸುಗಳಿಗೆ ಎಣ್ಣೆ ಕೊಟ್ಟರೂ, ಬಿಸಿಲಿನಲ್ಲಿ ಮಲಗಿಸಿದರೂ, ಪಾದರಸದ ದೀಪದ ಬೆಳಕು ಬೀಳಿಸಿದರೂ ಗುಣವಾಯಿತು. ಬಾಟಲಿಯ ಎಣ್ಣೆಯೂ ಆಕಾಶದ ಬಿಸಿಲೂ ಒಂದೇ ಕೆಲಸ ಮಾಡುತ್ತವೆಂಬುದು ಹೀಗೆ ಸಿದ್ಧವಾಯಿತು. ಆ ಎಣ್ಣೆಯೊಳಗಿನ ಸತ್ತ್ವಕ್ಕೆ ಅಮೆರಿಕದ ಮೆಕಾಲಮ್ ಎಂಬಾತನು ೧೯೨೨ರಲ್ಲಿ 'ಡಿ' ಜೀವಸತ್ತ್ವವೆಂದು ಹೆಸರಿಟ್ಟನು.

ನಮ್ಮ ದೇಶದಲ್ಲಿ ಬಿಸಿಲಿಗೇನು ಕೊರತೆ ಎಂದು ಕೇಳಬಹುದು. ಅದೇ ೧೯೨೨ರಲ್ಲಿ ಹಚಿಸನ್ ಮತ್ತು ಷಾ ಎಂಬ ವೈದ್ಯರು ನಾಸಿಕದಲ್ಲಿ ಮಾಡಿದ ವಿಚಾರಣೆಯು ಇದಕ್ಕೆ ಉತ್ತರ ಕೊಡುತ್ತದೆ. ಉತ್ತಮ ಆಹಾರವಿದ್ದರೂ ಗೋಷೆಯ ನಿಮಿತ್ತ ಮನೆಯೊಳಗೇ ಬೆಳೆದ ಮಕ್ಕಳಲ್ಲಿ ರೋಗವಿದ್ದಿತು. ಒಪ್ಪೊತ್ತಿನ ಊಟವಾದರೂ ಹೊಲದಲ್ಲಿ ಆಡುತ್ತಿದ್ದ ಬಡವರ ಮಕ್ಕಳ ಎಲುಬುಗಳು ನೆಟ್ಟಗಿದ್ದುವು. ಇಂದು ಗೋಷೆಯ ಸ್ಥಾನವನ್ನು ಬಹುಮಹಡಿಯ ಮನೆಗಳೂ, ಮುಚ್ಚಿದ ವಾಹನಗಳೂ, ಸಾಯಂಕಾಲದ ಮನೆಪಾಠಗಳೂ ಆಕ್ರಮಿಸಿವೆ. ಬಿಸಿಲಿನ ಜತೆಗೆ ಸುಣ್ಣದಂಶವೂ ಬೇಕು. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗಿಂತ ಅಧಿಕವಾದ ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದರ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ರಾಗಿಯ ಮುದ್ದೆಯನ್ನೂ ಸರಿಯನ್ನೂ ಹಳ್ಳಿಯ ಊಟವೆಂದು ಹೀನೈಸುವ ಮಕ್ಕಳಿಗೆ ಈ ಲೆಕ್ಕವನ್ನು ತಾಯಂದಿರು ಹೇಳಿಕೊಡಲಿ.

ರಕ್ತ

ವಿಯೆನ್ನಾದಲ್ಲಿ ದುಡಿದವರ ಪೈಕಿ ಹೆಲೆನ್ ಮೆಕೆ ಎಂಬಾಕೆಯು ಲಂಡನ್ನಿಗೆ ಮರಳಿ, ನಗರದ ಪೂರ್ವಭಾಗದ ಬಡವರ ಮಕ್ಕಳಿಗಾಗಿದ್ದ ಆಸ್ಪತ್ರೆಯಲ್ಲಿ ವೈದ್ಯಳಾಗಿ ನಿಂತಳು. ಅಲ್ಲಿಗೆ ಬರುತ್ತಿದ್ದ ಕೂಸುಗಳಲ್ಲಿ ಅನೇಕವು ಬಿಳಿಚಿಕೊಂಡಿದ್ದುವು. ಒಂದು ವಯಸ್ಸಿನಲ್ಲಿ ಮಕ್ಕಳು ಹೀಗೆ ಬಿಳಿಚುವುದು ಸಹಜವೆಂದು ಎಣಿಸುವವರಿದ್ದರು. ಮೆಕೆ ಅದನ್ನು ಸಹಜವೆಂದು ಒಪ್ಪದೆ, ಕೂಸುಗಳ ರಕ್ತವನ್ನು ತಿಂಗಳು ತಿಂಗಳೂ ಅಳೆದು ನೋಡಿದಳು. ತಾಯಿಯ ಹಾಲು ಕುಡಿದವುಗಳಿಗಿಂತ ಬಾಟಲಿಯ ಹಾಲಿನ ಮೇಲೆ ಬೆಳೆದವುಗಳಲ್ಲಿ ರಕ್ತಹೀನತೆ ಹೆಚ್ಚಾಗಿದ್ದಿತು. ಹಾಲಿಗೆ ಕಬ್ಬಿಣದ ಲವಣವನ್ನು ಬೆರೆಸಿ ಕೊಟ್ಟಾಗ ರಕ್ತವು ವೃದ್ಧಿಯಾಯಿತು. ಅಷ್ಟೇ ಅಲ್ಲದೆ ಆ ಕೂಸುಗಳಿಗೆ ಬರುತ್ತಿದ್ದ ನೆಗಡಿ, ಕೆಮ್ಮು, ಭೇದಿ ಮೊದಲಾದುವೂ ಕಡಿಮೆಯಾದುವು. ೧೯೩೧ರಲ್ಲಿ ಅವಳ ವರದಿಯು ಅಚ್ಚಾಯಿತು. ೧೯೩೪ರಲ್ಲಿ ಲಂಡನ್ನಿನ ವೈದ್ಯರ ರಾಯಲ್ ಕಾಲೇಜು ಅವಳನ್ನು ತನ್ನ ಫೆಲೋ ಆಗಿ ಆರಿಸಿತು. ಆ ಗೌರವವನ್ನು ಪಡೆದ ಮೊದಲನೆಯ ಮಹಿಳೆ ಅವಳೇ.

ಇದನ್ನು ಪರದೇಶದ ಹಳೆಯ ಕತೆಯೆಂದು ತಳ್ಳಿಹಾಕುವಂತಿಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೬೭ ಮಂದಿ ರಕ್ತಹೀನರು. ಆರು ತಿಂಗಳು ತುಂಬಿದ ಕೂಸಿಗೆ ಹಾಲೊಂದೇ ಸಾಲದು. ತಾಯಿಹಾಲಿನ ಜತೆಗೆ ಬೇಳೆ, ಸೊಪ್ಪು, ಮೊಟ್ಟೆ, ಮನೆಯ ರೂಢಿಯಿದ್ದರೆ ಮೀನು ಮಾಂಸ ಇವುಗಳನ್ನು ಮೃದುವಾಗಿ ಬೇಯಿಸಿ ಕೊಡಬೇಕು. ಸೊಪ್ಪಿನ ಸಾರಿಗೆ ಹಿಂಡಿದ ನಿಂಬೆಹಣ್ಣಿನ ರಸವು ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ಸಹಾಯವಾಗುವುದು. ಊಟದೊಡನೆ ಕುಡಿಸುವ ಚಹಾ ಅದಕ್ಕೆ ಅಡ್ಡಿಯಾಗುವುದು. ಬರಿಗಾಲಿನಲ್ಲಿ ನಡೆಯುವ ಮಕ್ಕಳ ಹೊಟ್ಟೆ ಸೇರುವ ಕೊಕ್ಕೆಹುಳುವು ರಕ್ತವನ್ನು ಹೀರುವುದು. ನಮ್ಮ ತರಗತಿಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆಯನ್ನು ಹುಡುಗಿಯರು ಕಿಟಕಿಯಿಂದಾಚೆ ಎಸೆಯುವುದನ್ನು ನಾನು ಕಂಡಿದ್ದೇನೆ. ಪೋಷಕರು ಮನೆಯಲ್ಲಿ ಎರಡು ಮಾತು ಹೇಳಿದರೆ ನಮ್ಮ ಇಪ್ಪತ್ತು ಮಾತುಗಳು ಉಳಿಯುವುವು.

ಆದರೆ ಎಲ್ಲ ರಕ್ತಹೀನತೆಗೂ ಕಬ್ಬಿಣವೇ ಮದ್ದೆಂದು ತಿಳಿಯಬಾರದು. ೧೯೨೫ರಲ್ಲಿ ಅಮೆರಿಕದ ಡೆಟ್ರಾಯಿಟಿನಲ್ಲಿ ಥಾಮಸ್ ಕೂಲಿ ಎಂಬ ಮಕ್ಕಳ ವೈದ್ಯನು ಮತ್ತೊಂದು ವಿಧದ ರಕ್ತಹೀನತೆಯನ್ನು ವರ್ಣಿಸಿದನು. ಥಲಸ್ಸೀಮಿಯ ಎಂಬ ಈ ರೋಗದಲ್ಲಿ ರಕ್ತಕಣಗಳು ಬೇಗನೆ ನಾಶವಾಗುವುದರಿಂದ ಮಜ್ಜೆಯು ಹಿಗ್ಗಿ ಮುಖದ ಎಲುಬುಗಳು ಉಬ್ಬುವುವು. ಯಕೃತ್ತೂ ಗುಲ್ಮವೂ ದೊಡ್ಡವಾಗುವುವು. ಮೂರು ಅಂಗಗಳ ಬಾಂಧವ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ. ತಂದೆತಾಯಿಗಳಿಬ್ಬರೂ ತಾವು ಆರೋಗ್ಯವಾಗಿದ್ದು ಈ ದೋಷವನ್ನು ಹೊತ್ತವರಾದರೆ, ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲೊಂದು ಪಾಲು ಮಗುವಿಗೆ ರೋಗ ಬರುವ ಸಂಭವವಿದೆ. ಈ ಮಕ್ಕಳ ದೇಹದಲ್ಲಿ ಕಬ್ಬಿಣವು ಮಿತಿಮೀರಿ ಸೇರಿಕೊಳ್ಳುವುದರಿಂದ ಅದನ್ನು ಇನ್ನಷ್ಟು ಕೊಟ್ಟರೆ ಅಪಾಯ. ಗುಳಿಗೆಯಿಂದ ಚೇತರಿಸದ ಮಗುವಿನ ರಕ್ತವನ್ನು ವೈದ್ಯರಿಂದ ಪರೀಕ್ಷೆ ಮಾಡಿಸತಕ್ಕುದು.

ಯಕೃತ್ತೂ ಬೆಳಕೂ

ಹುಟ್ಟಿದ ಕೆಲವು ದಿನಗಳಲ್ಲಿ ಕೂಸಿನ ಮೈ ಹಳದಿಯಾಗುವುದನ್ನು ಎಲ್ಲ ತಾಯಂದಿರೂ ಬಲ್ಲರು. ಎಳೆಯ ಯಕೃತ್ತಿಗೆ ಇನ್ನೂ ಶಕ್ತಿ ಸಾಲದುದರಿಂದ ರಕ್ತದ ಹಳದಿ ಬಣ್ಣವು ಹೊರಗೆ ಹೋಗದೆ ಉಳಿಯುವುದೇ ಇದಕ್ಕೆ ಕಾರಣ. ಸಾಧಾರಣವಾಗಿ ಇದು ತಾನೇ ಇಳಿಯುವುದು. ಮಿತಿಮೀರಿದರೆ ಮಾತ್ರ ಮೆದುಳನ್ನು ಸೇರಿ, ಬದುಕಿರುವಷ್ಟು ಕಾಲ ಅಳಿಯದ ಊನವನ್ನುಂಟುಮಾಡುವುದು.

೧೯೫೬ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಎಂಬಲ್ಲಿಯ ಆಸ್ಪತ್ರೆಯಲ್ಲಿ ಅಕಾಲ ಜನನದ ಕೂಸುಗಳ ವಿಭಾಗವನ್ನು ಸಿಸ್ಟರ್ ವಾರ್ಡ್ ಎಂಬ ದಾದಿಯು ನೋಡಿಕೊಳ್ಳುತ್ತಿದ್ದಳು. ಶುಭ್ರವಾದ ಗಾಳಿ ಬೆಳಕುಗಳಲ್ಲಿ ಅವಳಿಗೆ ಅಪಾರ ವಿಶ್ವಾಸ. ಬೆಚ್ಚಗಿನ ದಿನಗಳಲ್ಲಿ ಕೂಸುಗಳನ್ನು ಅಂಗಳಕ್ಕೆ ತಂದು ಬಿಸಿಲು ಕಾಯಿಸಿ, ವೈದ್ಯರು ಬರುವಷ್ಟರೊಳಗೆ ಒಳಗೆ ಸೇರಿಸುತ್ತಿದ್ದಳು. ಒಂದು ದಿನ ಅವಳು ಒಂದು ಕೂಸಿನ ಬಟ್ಟೆ ಸರಿಸಿ ವೈದ್ಯರಿಗೆ ತೋರಿಸಿದಳು. ಮೈಯೆಲ್ಲ ತಿಳಿಯಾಗಿದ್ದು ಒಂದು ಮುಕ್ಕೋನದಷ್ಟು ಭಾಗ ಮಾತ್ರ ಗಾಢವಾದ ಹಳದಿಯಾಗಿದ್ದಿತು. ಏನಾದರೂ ಔಷಧ ಬಳಿದೆಯಾ ಎಂದು ವೈದ್ಯರು ಕೇಳಿದರು. ಅಲ್ಲಿ ಹೊದಿಕೆಯ ಮೂಲೆ ಮುಚ್ಚಿದ್ದುದೆಂದು ಅವಳು ಹೇಳಿದಳು. ಬಿಸಿಲು ಬಿದ್ದಲ್ಲಿ ಹಳದಿ ಇಳಿದಿದ್ದಿತು, ನೆರಳಿದ್ದಲ್ಲಿ ಉಳಿದಿದ್ದಿತು! ತರುವಾಯ, ಕಿಟಕಿಯ ಬಳಿ ಬಿಸಿಲಿನಲ್ಲಿ ಉಳಿದುಹೋಗಿದ್ದ ರಕ್ತದ ಮಾದರಿಯಲ್ಲಿಯೂ ಹಳದಿಯ ಪ್ರಮಾಣ ಇಳಿದುದು ಪ್ರಯೋಗಶಾಲೆಯವರ ಗಮನಕ್ಕೆ ಬಂದಿತು. ಕ್ರೆಮರ್ ಮೊದಲಾದ ವೈದ್ಯರು ಇದನ್ನು ಪರೀಕ್ಷಿಸಿ ೧೯೫೮ರಲ್ಲಿ ಪ್ರಕಟಿಸಿದರು. ೧೯೬೮ರಲ್ಲಿ ಅಮೆರಿಕದ ಲೂಸಿ ಎಂಬ ವೈದ್ಯನ ತಂಡವು ದೀಪದ ಚಿಕಿತ್ಸೆ ಪಡೆದ ಕೂಸುಗಳನ್ನು ಪಡೆಯದವುಗಳೊಡನೆ ಹೋಲಿಸಿ ತೋರಿಸಿದ ಮೇಲೆ ಅದು ಅಲ್ಲಿಯೂ ಹರಡಿತು. ಇಂದು ಹೆರಿಗೆ ಆಸ್ಪತ್ರೆಗಳಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಕೂಸನ್ನು ಮಲಗಿಸುವ ನೀಲಿಯ ದೀಪವು ಆ ದಾದಿಯ ಕಣ್ಣಿನ ಫಲ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯ ದಿನವೇ ಹಳದಿ ಕಂಡರೆ, ಅಥವಾ ಕೂಸು ಮಂಕಾಗಿ ಹಾಲು ಕುಡಿಯದಿದ್ದರೆ, ಅಂಗಳದ ಬಿಸಿಲನ್ನು ನಂಬಿ ಕೂಡದೆ ಆಸ್ಪತ್ರೆಗೆ ಓಡಬೇಕು. ಎರಡನೆಯದಾಗಿ, ಎರಡು ವಾರ ಕಳೆದರೂ ಹಳದಿ ಉಳಿದು, ಮಲವು ಸುಣ್ಣದಂತೆ ಬಿಳಿಯಾಗಿದ್ದರೆ ಪಿತ್ತನಾಳವು ಮುಚ್ಚಿರಬಹುದು. ಜಪಾನಿನ ಮೋರಿಯೊ ಕಸಾಯಿ ಎಂಬ ಶಸ್ತ್ರವೈದ್ಯನು ೧೯೫೦ರ ದಶಕದಲ್ಲಿ ಇದಕ್ಕೊಂದು ಶಸ್ತ್ರಚಿಕಿತ್ಸೆಯನ್ನು ಕಂಡುಹಿಡಿದನು. ಅದು ಹುಟ್ಟಿದ ಎರಡು ತಿಂಗಳೊಳಗೆ ನಡೆದರೆ ಹೆಚ್ಚು ಫಲಕಾರಿ. ತಡಮಾಡಿದ ಒಂದೊಂದು ವಾರವೂ ನಷ್ಟವೇ.

ಹಾಲಿನ ಪಾತ್ರೆ

ಈಗ ಆ ಚೊಂಬಿನ ಸಂಗತಿ. ನಮ್ಮ ದೇಶದ ಮಕ್ಕಳಲ್ಲಿ ಒಂದು ಭಯಂಕರವಾದ ಯಕೃತ್ತಿನ ರೋಗವು ನೂರು ವರ್ಷಗಳ ಕಾಲ ಇದ್ದಿತು. ಕಲ್ಕತ್ತೆಯ ವೈದ್ಯ ಸೇನ್ ಎಂಬವರು ೧೮೮೭ರಲ್ಲಿಯೇ ಇದನ್ನು ವರ್ಣಿಸಿದ್ದರು. ಒಂದರಿಂದ ಮೂರು ವರ್ಷದ ಮಕ್ಕಳೇ ಹೆಚ್ಚಾಗಿ ಇದಕ್ಕೆ ಗುರಿ. ಮಗು ಸಿಡುಕುವುದು, ಹೊಟ್ಟೆ ಊದುವುದು, ಪಕ್ಕೆಯ ಕೆಳಗೆ ಯಕೃತ್ತು ಕಲ್ಲಿನಂತೆ ಕೈಗೆ ಸಿಕ್ಕುವುದು. ಬಳಿಕ ಕಾಮಾಲೆ, ಜಲೋದರ. ಕೆಲವು ತಿಂಗಳಲ್ಲಿ ಮರಣ. ಒಂದೇ ತಾಯಿಯ ಮಕ್ಕಳು ಒಂದರ ಮೇಲೊಂದು ತೀರಿಹೋಗುತ್ತಿದ್ದುದೂ ಉಂಟು. ನನ್ನ ಅಜ್ಜಿಯು ಹೊಟ್ಟೆ ಊದಿ ಹಳದಿಯಾದ ಎರಡು ಕೂಸುಗಳನ್ನು ಹೀಗೆಯೇ ಮಣ್ಣಿಗೆ ಕೊಟ್ಟಳು. ಆ ರೋಗ ಇದೇ ಆಗಿದ್ದಿತೋ ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ. ಆದರೆ ನೆರೆಹೊರೆಯವರು ಅವಳ ಕಾಲ್ಗುಣವನ್ನೂ ಎದೆಹಾಲನ್ನೂ ದೂಷಿಸಿದುದನ್ನು ಅವಳು ಸಾಯುವ ತನಕ ಮರೆಯಲಿಲ್ಲ.

೧೯೭೦ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಟ್ಯಾನರ್ ಮೊದಲಾದ ವೈದ್ಯರು ಇಂತಹ ಮಕ್ಕಳ ಯಕೃತ್ತನ್ನು ಪರೀಕ್ಷಿಸಿ ಅದರಲ್ಲಿ ತಾಮ್ರವು ತುಂಬಿಕೊಂಡಿರುವುದನ್ನು ಕಂಡರು. ಆರೋಗ್ಯವಂತರಾದ ದೊಡ್ಡವರಲ್ಲಿ ಒಂದು ಗ್ರಾಂ ಒಣ ಯಕೃತ್ತಿಗೆ ೫೦ ಮೈಕ್ರೊಗ್ರಾಂ ಮೀರದ ತಾಮ್ರವು ಈ ಮಕ್ಕಳಲ್ಲಿ ಅನೇಕರಿಗೆ ಸಾವಿರವನ್ನೂ ಮೀರಿತ್ತು. ಅದು ಎಲ್ಲಿಂದ ಬಂದಿತು? ಪುಣೆಯ ಶೀಲಾ ಭಾವೆ, ಆನಂದ ಪಂಡಿತ ಎಂಬ ಮಕ್ಕಳ ವೈದ್ಯರು ಟ್ಯಾನರರೊಡನೆ ಸೇರಿ ಈ ಪ್ರಶ್ನೆಯನ್ನು ಅಡಿಗೆಮನೆಯ ತನಕ ಬೆನ್ನಟ್ಟಿದರು. ರೋಗಿಯಾದ ಮಗುವಿಗೂ ಅದರ ಜೋಡಿಯಾಗಿ ಆರಿಸಿದ ಆರೋಗ್ಯದ ಮಗುವಿಗೂ ಎಂದಿನಿಂದ ಏನು ಕುಡಿಸಿದಿರಿ, ಯಾವ ಪಾತ್ರೆಯಲ್ಲಿ ಕಾಯಿಸಿದಿರಿ ಎಂದು ಮನೆಯವರನ್ನು ವಿಚಾರಿಸಿದರು. ರೋಗ ಬಂದ ಮಕ್ಕಳಿಗೆ ಬಹು ಬೇಗನೆ ಪಶುವಿನ ಹಾಲನ್ನು ಆರಂಭಿಸಿದ್ದು, ಅದನ್ನು ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಕಾಯಿಸಿ ಇಡುತ್ತಿದ್ದುದು ಹೆಚ್ಚಾಗಿ ಕಂಡುಬಂದಿತು. ಈ ಸಂಗತಿಯನ್ನು ೧೯೮೩ರಲ್ಲಿಯೂ ೧೯೮೭ರಲ್ಲಿಯೂ ಪ್ರಕಟಪಡಿಸಿದರು.

ಹಿತ್ತಾಳೆಯು ತಾಮ್ರ ಸತುವುಗಳ ಬೆರಕೆ. ಹಾಲಿನಲ್ಲಿರುವ ಕೇಸೀನ್ ಎಂಬ ಸತ್ತ್ವವು ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುವುದು. ಅಲ್ಲಿಂದ ಅದು ಎಳೆಯ ಯಕೃತ್ತಿಗೆ ಸೇರುವುದು. ಆಸ್ಟ್ರಿಯದ ಟಿರೋಲ್ ಪ್ರಾಂತದ ರೈತರ ಮನೆಗಳಲ್ಲಿ ೧೯೦೦ರಿಂದ ೧೯೭೪ರ ವರೆಗೆ ೧೩೮ ಶಿಶುಗಳು ಇದೇ ಬಗೆಯ ರೋಗದಿಂದ ತೀರಿಹೋದುದನ್ನು ೧೯೯೬ರಲ್ಲಿ ಅಲ್ಲಿಯ ವೈದ್ಯರು ವರದಿ ಮಾಡಿದರು. ಅಲ್ಲಿಯೂ ಕಲಾಯಿಯಿಲ್ಲದ ತಾಮ್ರದ ಪಾತ್ರೆಯಲ್ಲಿ ಹಾಲು ಕಾಯಿಸುವ ರೂಢಿಯಿದ್ದು, ಪಾತ್ರೆಗಳು ಬದಲಾದಂತೆ ರೋಗವೂ ಮಾಯವಾಯಿತು. ನಮ್ಮಲ್ಲಿಯೂ ಉಕ್ಕಿನ ಪಾತ್ರೆಗಳು ಬಳಕೆಗೆ ಬಂದ ಕಾಲದಲ್ಲಿಯೇ ಈ ರೋಗವು ಕ್ಷೀಣಿಸಿ ಈಗ ಬಹು ವಿರಳವಾಗಿದೆ. ತಾಮ್ರವನ್ನು ಹೊರಹಾಕುವ ಪೆನಿಸಿಲಮೀನ್ ಎಂಬ ಔಷಧದಿಂದ, ಬೇಗನೆ ಚಿಕಿತ್ಸೆಗೆ ಬಂದ ಕೆಲವು ಮಕ್ಕಳು ಬದುಕಿದುದೂ ಉಂಟು.

ಆದರೂ ಹಿತ್ತಾಳೆಯ ಪಾತ್ರೆಯ ಹಾಲು ಕುಡಿದ ಮಕ್ಕಳೆಲ್ಲರಿಗೂ ಈ ರೋಗ ಬರಲಿಲ್ಲ. ವಂಶಪಾರಂಪರ್ಯವಾದ ಒಂದು ದೌರ್ಬಲ್ಯವೂ ಸೇರಿದಾಗ ಮಾತ್ರ ಬರುವುದೆಂದು ಅನೇಕ ವಿದ್ವಾಂಸರ ಊಹೆ. ನಿಮ್ಮ ಅಜ್ಜಿಯರು ಅದೇ ಹಾಲು ಕುಡಿದು ಎಂಬತ್ತು ವರ್ಷ ಬಾಳಿದರೆಂಬುದು ನಿಜವೇ. ಬಾಳದೆ ಹೋದ ಕೂಸುಗಳು ಮಾತ್ರ ಸಾಕ್ಷಿ ಹೇಳಲು ಉಳಿದಿಲ್ಲ. ತೊಂಬತ್ತೊಂಬತ್ತು ಕುರಿಗಳು ಕ್ಷೇಮವಾಗಿವೆಯೆಂದು ಒಂದನ್ನು ಬಿಟ್ಟುಬಿಡದ ಕುರುಬನ ಸಾಮ್ಯವನ್ನು ನಾವು ಪ್ರಾರ್ಥನೆಯ ವೇಳೆಯಲ್ಲಿ ಎಷ್ಟು ಬಾರಿ ಕೇಳಿಲ್ಲ! ಯಾವ ಕೂಸಿನಲ್ಲಿ ಆ ದೌರ್ಬಲ್ಯವಿದೆಯೆಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಪಾತ್ರೆಯನ್ನು ಬದಲಿಸುವುದಾದರೋ ಅತಿ ಸುಲಭ.

ಉಪಸಂಹಾರ

ಪ್ರಿಯ ವಿದ್ಯಾರ್ಥಿನಿಯರೇ, ಪಾಮನು ಪತ್ರ ಬರೆದು ಕೇಳಿದನು. ಚಿಕ್ ಮತ್ತು ಅವಳ ಗೆಳತಿಯರು ಹೋಲಿಸಿ ನೋಡಿದರು. ಮೆಕೆ ಸಹಜವೆಂಬ ಮಾತಿಗೆ ತೃಪ್ತಳಾಗಲಿಲ್ಲ. ಸಿಸ್ಟರ್ ವಾರ್ಡ್ ಕಂಡುದನ್ನು ಹಿಂಜರಿಯದೆ ಹೇಳಿದಳು. ಪುಣೆಯ ವೈದ್ಯರು ತಾಯಿಯನ್ನು ದೂಷಿಸುವ ಬದಲು ಅವಳನ್ನೇ ವಿಚಾರಿಸಿದರು. ಸಂಶೋಧನೆಯೆಂದರೆ ಇಷ್ಟೆ. ಇದರಲ್ಲಿ ಬಹುಭಾಗವನ್ನು ನೀವು ನಿಮ್ಮ ಮನೆಯಲ್ಲಿಯೂ ಮಾಡಬಲ್ಲಿರಿ. ಮಗುವಿನ ಕಣ್ಣಿನ ಒಳರೆಪ್ಪೆಯ ಕೆಂಪನ್ನು, ಮಲದ ಬಣ್ಣವನ್ನು, ಕಾಲಿನ ನೇರವನ್ನು ನೋಡುವ ತಾಯಿಯು ವೈದ್ಯನ ಕೆಲಸದಲ್ಲಿ ಅರ್ಧವನ್ನು ಆಗಲೇ ಮಾಡಿದಂತಾಯಿತು. ಉಳಿದ ಅರ್ಧವನ್ನು ವೈದ್ಯನಿಗೇ ಬಿಡಿರಿ. ಕೇಳಿದ ಕೇಳಿದ ಔಷಧಗಳನ್ನು ನಿಮ್ಮಷ್ಟಕ್ಕೆ ಕೊಡಬೇಡಿರಿ. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ನಿಮ್ಮ ಕೇರಿಯಲ್ಲಿದ್ದರೆ, ಅವಳ ಮೇಲೆ ಅಪವಾದ ಹೊರಿಸುವ ಮಾತಿಗೆ ತಲೆದೂಗಬೇಡಿರಿ.

ಹಿತ್ತಾಳೆಯ ಚೊಂಬಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆ ಹಳೆಯ ವಿದ್ಯಾರ್ಥಿನಿಯು ಮುಂದಿನ ಬಾರಿ ಬಂದಾಗ ಅದನ್ನು ನಮ್ಮ ಶಾಲೆಗೇ ತಂದುಕೊಟ್ಟಳು. ಕಚೇರಿಯ ಮೇಜಿನ ಮೇಲೆ ಅದರಲ್ಲಿ ಸೇವಂತಿಗೆಯನ್ನಿಟ್ಟಿದ್ದೇವೆ. ಅವಳ ಕೂಸು ಈಗ ನಮ್ಮ ಅಂಗಳದ ಬಿಸಿಲಿನಲ್ಲಿ ನೆಟ್ಟಗಿನ ಕಾಲುಗಳಿಂದ ಓಡಾಡುವಷ್ಟು ದೊಡ್ಡದಾಗಿದೆ.